ಇಲ್ಲದ ಇನ್‌ಸ್ಟ್ರಕ್ಷನ್ ಎಲ್ಲಿಂದ ತರೋದು? ಪ್ರೊಸೆಸರ್ ಮತ್ತು ವಿಎಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಧಾರವಾಡದ ಹಾಸ್ಟೆಲ್ ಹುಡುಗರು, ಗದಗದ ಪ್ರೆಸ್‌ನವರು, ಬ್ಯಾಡಗಿಯ ದಲಾಲಿ ಅಂಗಡಿಯವರು ಬರುತ್ತಾರೆ. ಬರುವವರು ಬೇರೆ ಬೇರೆ, ಮಾತು ಮಾತ್ರ ಒಂದೇ: "ಹೊಸ ಮಷಿನ್ ಬ್ಯಾಡ್ರಿ, ಇದರಾಗ ಏನರ ಮಾಡಿಕೊಡ್ರಿ." ಕೌಂಟರ್‌ನಲ್ಲಿ, ಫೋನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಲ್ಲೇ ಬಿಟ್ಟಿದ್ದೇನೆ.

## ಶುರುವಿಗೆ

ವಿಎಂ ಹಾಕಿದ್ರ ಹಳೇ ಪ್ರೊಸೆಸರ್ ಹೊಸದಾಗ್ತದೇನ್ರಿ?

ಆಗುವುದಿಲ್ಲ. ಆದರೆ ಹೊಸದರ ವೇಷ ಹಾಕಿಸಬಹುದು, ಅದಕ್ಕೆ ಖರ್ಚು ಇದೆ.

ವಿಎಂ ಅಂದರೆ ವರ್ಚುಯಲ್ ಮಷಿನ್, ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಇದರಲ್ಲಿ ಎರಡು ಜಾತಿ. ಗೊಂದಲವೆಲ್ಲ ಇಲ್ಲಿಂದಲೇ ಶುರು.

ಮೊದಲನೆಯದು ವರ್ಚುಯಲೈಸೇಷನ್. ಮನೆಯ ಒಂದು ಕೋಣೆ ಬಾಡಿಗೆ ಕೊಟ್ಟ ಹಾಗೆ. ಬಾಡಿಗೆಯವರಿಗೆ ಬೇರೆ ಬಾಗಿಲು, ಬೇರೆ ಬೀಗ. ಆದರೆ ನಿಮ್ಮ ನಲ್ಲಿಗೆ ನೀರು ಬಂದ ದಿನವೇ ಅವರ ನಲ್ಲಿಗೂ ಬರುತ್ತದೆ. ಇದನ್ನು ಹುಬ್ಬಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಳಗಿನ ಪ್ರೋಗ್ರಾಂ ಹೇಳಿದ್ದು ನೇರ ನಿಮ್ಮ ಅಸಲಿ ಚಿಪ್‌ಗೇ ಹೋಗುತ್ತದೆ. ವೇಗ ಚೆನ್ನಾಗಿರುತ್ತದೆ. ಚಿಪ್‌ಗೆ ಬಾರದ್ದು ಮಾತ್ರ ಒಳಗೂ ಬರುವುದಿಲ್ಲ.

ಎರಡನೆಯದು ಎಮ್ಯುಲೇಷನ್. ಇದು ಟ್ಯಾಂಕರ್ ತರಿಸಿ ಕೊಡದಲ್ಲಿ ಹೊತ್ತು ತುಂಬಿದ ಹಾಗೆ. ಪ್ರೋಗ್ರಾಂನ ಒಂದೊಂದು ಇನ್‌ಸ್ಟ್ರಕ್ಷನ್ನನ್ನೂ, ಅಂದರೆ ಚಿಪ್‌ಗೆ ಕೊಡುವ ಒಂದೊಂದು ಆಜ್ಞೆಯನ್ನೂ, ಸಾಫ್ಟ್‌ವೇರ್ ಓದುತ್ತದೆ, ನಿಮ್ಮ ಚಿಪ್‌ಗೆ ಗೊತ್ತಿರುವ ಹತ್ತಾರು ಇನ್‌ಸ್ಟ್ರಕ್ಷನ್‌ಗಳಾಗಿ ಒಡೆಯುತ್ತದೆ. ಏನು ಬೇಕಾದರೂ ಸಿಗುತ್ತದೆ, ನಿಧಾನಕ್ಕೆ. ಮುಂದಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಈ ನಲ್ಲಿ ಮತ್ತು ಕೊಡದ ಲೆಕ್ಕಕ್ಕೇ.

ನನ್ನ ಪ್ರೊಸೆಸರ್‌ಗೆ ಏನು ಬರುತ್ತೆ, ಏನು ಬರಲ್ಲ ಅಂತ ನೋಡೋದು ಹೇಗೆ?

ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಕಮಾಂಡ್ ಕೊಡಿ. ಕೆಳಗೆ ಫ್ಲ್ಯಾಗ್ಸ್ ಅಂತ ಉದ್ದನೆಯ ಸಾಲು ಬರುತ್ತದೆ. ಅದರಲ್ಲಿ ಎಸ್‌ಎಸ್‌ಇ 4.2, ಪಾಪ್‌ಕೌಂಟ್, ಎವಿಎಕ್ಸ್ ಇವೆಯಾ ಹುಡುಕಿ. ಚಿಪ್‌ಗಳಿಗೆ ಕಾಲಕಾಲಕ್ಕೆ ಹೊಸದಾಗಿ ಸೇರಿಸಿದ ಇನ್‌ಸ್ಟ್ರಕ್ಷನ್‌ಗಳ ಹೆಸರು ಇವು. ವಿಂಡೋಸ್‌ನಲ್ಲಾದರೆ ಸಿಪಿಯು-ಝಡ್ ಅನ್ನುವ ಪುಕ್ಕಟೆ ಪ್ರೋಗ್ರಾಂ ಹಾಕಿಕೊಂಡು ಇನ್‌ಸ್ಟ್ರಕ್ಷನ್ಸ್ ಸಾಲು ನೋಡಿ.

ಇಂಟೆಲ್‌ನದಾದರೆ ಅಂದಾಜಿಗೆ ಇಷ್ಟು ನೆನಪಿಟ್ಟರೆ ಸಾಕು. ಎಸ್‌ಎಸ್‌ಇ 4.2 ಬಂದದ್ದು 2008ರ ಕೊನೆಗೆ, ಮೊದಲ ಕೋರ್ ಐ7 ಜೊತೆ. ಎವಿಎಕ್ಸ್ 2011ರಲ್ಲಿ, ಎವಿಎಕ್ಸ್2 2013ರಲ್ಲಿ. ನಮ್ಮ ಕಡೆ ಇನ್ನೂ ಎಷ್ಟೋ ಅಂಗಡಿಗಳಲ್ಲಿ ದುಡಿಯುತ್ತಿರುವ ಕೋರ್ 2 ಡ್ಯುಯೊ ಇ8400 ಕೂಡ 2008ರದ್ದೇ. ಆದರೆ ಅದು ಎಸ್‌ಎಸ್‌ಇ 4.1ಕ್ಕೇ ನಿಂತಿತು.

ವರ್ಷ ಒಂದನ್ನೇ ನಂಬಬೇಡಿ. 2011ರ ನಂತರವೂ ಎಷ್ಟೋ ವರ್ಷ ಪೆಂಟಿಯಂ, ಸೆಲೆರಾನ್ ಹೆಸರಲ್ಲಿ ಬಂದ ಎಷ್ಟೋ ಚಿಪ್‌ಗಳಿಗೆ ಎವಿಎಕ್ಸ್ ಕೊಟ್ಟಿರಲಿಲ್ಲ. "ಸರ್, ನನ್ನದು 2017ರ ಮಷಿನ್" ಅಂತ ಧೈರ್ಯವಾಗಿ ಬಂದವರು ಫ್ಲ್ಯಾಗ್ಸ್ ಸಾಲು ನೋಡಿ ಸುಮ್ಮನಾಗಿದ್ದಾರೆ.

ಬಯೋಸ್‌ನಲ್ಲಿ ವರ್ಚುಯಲೈಸೇಷನ್ ಆನ್ ಮಾಡು ಅಂತಾರೆ. ನನ್ನ ಬಯೋಸ್‌ನಲ್ಲಿ ಆ ಸಾಲೇ ಇಲ್ಲ. ಏನು ಮಾಡಲಿ?

ಚಿಪ್‌ನಲ್ಲೇ ಇಲ್ಲದಿರಬಹುದು. ವರ್ಚುಯಲೈಸೇಷನ್‌ಗೆ ಚಿಪ್‌ನಲ್ಲೇ ಇರುವ ನೆರವನ್ನು ಇಂಟೆಲ್ ವಿಟಿ-ಎಕ್ಸ್ ಹೆಸರಲ್ಲಿ ತಂದದ್ದು 2005ರಲ್ಲಿ, ಎಎಂಡಿ ತನ್ನ ಎಎಂಡಿ-ವಿ ತಂದದ್ದು 2006ರಲ್ಲಿ. ಅದಾದ ಮೇಲೂ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಬಿಟ್ಟುಬಿಡುತ್ತಿದ್ದರು. ಕೋರ್ 2 ಡ್ಯುಯೊ ಇ4500ನಲ್ಲಿ ಇಲ್ಲ, ಇ8400ನಲ್ಲಿ ಇದೆ. ಲಿನಕ್ಸ್‌ನ ಫ್ಲ್ಯಾಗ್ಸ್ ಸಾಲಿನಲ್ಲಿ ವಿಎಂಎಕ್ಸ್ ಅಥವಾ ಎಸ್‌ವಿಎಂ ಕಂಡರೆ ಚಿಪ್‌ನಲ್ಲಿ ಇದೆ ಅಂತ ಅರ್ಥ. ಎಎಂಡಿ ಬೋರ್ಡ್‌ಗಳ ಬಯೋಸ್‌ನಲ್ಲಿ ಅದಕ್ಕೆ "ಎಸ್‌ವಿಎಂ ಮೋಡ್" ಅಂತ ಹೆಸರು, ಎಷ್ಟೋ ಜನ ಅದನ್ನು ನೋಡಿಯೂ ದಾಟಿ ಹೋಗುತ್ತಾರೆ.

ಚಿಪ್‌ನಲ್ಲೇ ಇಲ್ಲದಿದ್ದರೆ, ಬಾಡಿಗೆ ಕೋಣೆ ಜಾತಿಯ ವಿಎಂ ಪ್ರೋಗ್ರಾಂ ಆದ ವರ್ಚುಯಲ್‌ಬಾಕ್ಸ್‌ನ 6.1 ಮತ್ತು ಅದರ ನಂತರದ ಆವೃತ್ತಿಗಳು ಓಡುವುದಿಲ್ಲ. ಕ್ಯೂಎಮು ಅನ್ನುವ ಇನ್ನೊಂದು ಪ್ರೋಗ್ರಾಂ ಓಡುತ್ತದೆ, ಯಾಕೆಂದರೆ ಅದು ಕೊಡ ಹೊರುವ ಜಾತಿ. ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಅದನ್ನು ಹೊರತಂದಾಗ ವಿಟಿ-ಎಕ್ಸ್ ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ.

32 ಬಿಟ್ ಕಂಪ್ಯೂಟರ್‌ನಲ್ಲಿ 64 ಬಿಟ್ ಪ್ರೋಗ್ರಾಂ ಓಡಿಸಬಹುದಾ?

ಮೊದಲು ನೋಡಬೇಕಾದ್ದು, 32 ಬಿಟ್ ಇರುವುದು ವಿಂಡೋಸಾ, ಚಿಪ್ಪಾ? ಹತ್ತರಲ್ಲಿ ಒಂಬತ್ತು ಸಲ ಚಿಪ್ 64 ಬಿಟ್ ಇರುತ್ತದೆ, ಹಾಕಿದವರು 32 ಬಿಟ್ ವಿಂಡೋಸ್ ಹಾಕಿ ಹೋಗಿರುತ್ತಾರೆ. ಅದಕ್ಕೆ ವಿಎಂ ಬೇಡ, ಓಎಸ್ ಬದಲಿಸಿದರೆ ಆಯಿತು.

ಚಿಪ್ಪೇ 32 ಬಿಟ್ ಆಗಿದ್ದರೆ ಕ್ಯೂಎಮುವಿನ ಹಳೆ ಆವೃತ್ತಿಯಿಂದ ಆಗುತ್ತದೆ. ಆದರೆ ಒಳಗಿನ ಮಷಿನ್‌ಗೆ 2047 ಎಂಬಿಗಿಂತ ಜಾಸ್ತಿ ರ‍್ಯಾಮ್ ಕೊಡಲು ಹೋದರೆ ಒಪ್ಪುವುದಿಲ್ಲ. ಹೊಸ ಆವೃತ್ತಿಗಳಂತೂ 32 ಬಿಟ್ ಮಷಿನ್‌ಗಳ ಕೈ ಬಿಡುತ್ತಿವೆ. ಒಮ್ಮೆ ಮಾಡಿ ನೋಡುವ ಚಟಕ್ಕೆ ಸರಿ, ದಿನದ ಕೆಲಸಕ್ಕೆ ಅಲ್ಲ.

## ಹಳೆ ಪ್ರೋಗ್ರಾಂ, ಹೊಸ ಮಷಿನ್

ಅಪ್ಪಾರ ಕಾಲದ ಡಾಸ್ ಬಿಲ್ಲಿಂಗ್ ಪ್ರೋಗ್ರಾಂ ಹೊಸ ಲ್ಯಾಪ್‌ಟಾಪ್‌ನ್ಯಾಗ ಯಾಕ ಓಡವಲ್ದು?

ಹೊಸ ಚಿಪ್‌ಗೆ ಹಳೆ ಭಾಷೆ ಮರೆತು ಹೋಗಿಲ್ಲ, 64 ಬಿಟ್ ಮೋಡ್‌ನಲ್ಲಿ ಇರುವಾಗ ಅದನ್ನು ಆಡುವುದಿಲ್ಲ ಅಷ್ಟೆ. 32 ಬಿಟ್ ವಿಂಡೋಸ್, ಡಾಸ್ ಪ್ರೋಗ್ರಾಂಗಳನ್ನು ಓಡಿಸುತ್ತಿದ್ದದ್ದು ಚಿಪ್‌ನ "ವರ್ಚುಯಲ್ 8086" ಅನ್ನುವ ಮೋಡ್‌ನಿಂದ. ಎಎಂಡಿ 64 ಬಿಟ್ ವಿನ್ಯಾಸ ಮಾಡುವಾಗ ಅದನ್ನು 64 ಬಿಟ್ ಮೋಡ್‌ನಿಂದ ತೆಗೆಯಿತು, ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂಗೆ ಜಾಗ ಇಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಇಲ್ಲಿ ಮಾತ್ರ ಬಾಡಿಗೆ ಕೋಣೆಯೂ ಕೆಲಸಕ್ಕೆ ಬರುತ್ತದೆ. ವರ್ಚುಯಲ್‌ಬಾಕ್ಸ್‌ನಲ್ಲಿ 32 ಬಿಟ್ ವಿಂಡೋಸ್ ಹಾಕಿ. ಆ ಕೋಣೆಯೊಳಗೆ ಚಿಪ್ ಪೂರ್ತಿ ಹಳೆ ಮೋಡ್‌ಗೆ ಇಳಿಯುತ್ತದೆ, ಡಾಸ್ ಪ್ರೋಗ್ರಾಂ ಎದ್ದು ಕೂರುತ್ತದೆ. ಗದಗದ ಪ್ರೆಸ್‌ಗಳಲ್ಲಿ ಹಳೆ ಡಿಟಿಪಿ ಫೈಲ್‌ಗಳಿಗೆ ಇದನ್ನೇ ಮಾಡಿಕೊಟ್ಟಿದ್ದೇನೆ. ಅಲ್ಲಿ ಪ್ರೋಗ್ರಾಂ 32 ಬಿಟ್ ಇತ್ತು, ಅದರ ಇನ್‌ಸ್ಟಾಲರ್ ಮಾತ್ರ 16 ಬಿಟ್. ಎಷ್ಟು ಸಲ ಸಿಡಿ ಹಾಕಿದರೂ ಏಳದೆ, ಸಿಡಿಯೇ ಹಾಳಾಗಿದೆ ಅಂತ ತಿಳಿದಿದ್ದರು.

ಬರೀ ಡಾಸ್ ಪ್ರೋಗ್ರಾಂ ಆದರೆ ಇಷ್ಟೂ ಬೇಡ, ಹಳೆ ಡಾಸ್ ಮಷಿನ್ನನ್ನೇ ಎಮ್ಯುಲೇಟ್ ಮಾಡುವ ಡಾಸ್‌ಬಾಕ್ಸ್ ಸಾಕು. ಡೇಟಾ ಫೋಲ್ಡರ್‌ನ ಬ್ಯಾಕಪ್ ಮಾತ್ರ ಪೆನ್‌ಡ್ರೈವ್‌ಗೆ ದಿನಾ ತೆಗೆಯಿರಿ. ಡಾಸ್‌ಬಾಕ್ಸ್ ಹುಟ್ಟಿದ್ದು ಗೇಮ್ ಆಡುವುದಕ್ಕೆ, ಲೆಕ್ಕ ಇಡುವುದಕ್ಕಲ್ಲ.

"ರನ್‌ಟೈಮ್ ಎರರ್ 200" ಅಂತ ಬರ್ತದ. ಹಾರ್ಡ್ ಡಿಸ್ಕ್ ಹೋಗ್ಯದೇನು?

ಡಿಸ್ಕ್ ಸರಿ ಇದೆ. ನಿಮ್ಮ ಚಿಪ್ ಅತಿ ವೇಗವಾಗಿದೆ! ನಿಧಾನ ಅಂತ ಅಳುವವರೇ ಜಾಸ್ತಿ ಇರುವ ಈ ಧಂದೆಯಲ್ಲಿ ನನಗೆ ಬಲು ಇಷ್ಟವಾದ ದೂರು ಇದು.

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಹಳೆ ಪೆಂಟಿಯಂ ಮಷಿನ್ ತಂದಿದ್ದರು. ಪವರ್ ಸಪ್ಲೈ ಸುಟ್ಟಿತ್ತು. ಡಿಸ್ಕ್‌ನಲ್ಲಿದ್ದ ತೂಕ ಮತ್ತು ಬಿಲ್ಲಿನ ಪ್ರೋಗ್ರಾಂ ತೆಗೆದು, 32 ಬಿಟ್ ವಿಂಡೋಸ್ ಇದ್ದ ಇನ್ನೊಂದು ಮಷಿನ್‌ಗೆ ಹಾಕಿದೆ. ಕಪ್ಪು ಪರದೆ, ಒಂದು ಕ್ಷಣ, ಆಮೇಲೆ ಈ ಸಾಲು.

ಕಾರಣ ಹೀಗೆ. ಪ್ರೋಗ್ರಾಂ ಬರೆದದ್ದು ಟರ್ಬೊ ಪ್ಯಾಸ್ಕಲ್‌ನಲ್ಲಿ. ಅದರ ಸಿಆರ್‌ಟಿ ಅನ್ನುವ ಭಾಗ ಶುರುವಿನಲ್ಲೇ ಮಷಿನ್‌ನ ವೇಗ ಅಳೆಯುತ್ತದೆ. ಗಡಿಯಾರದ ಒಂದು ಟಿಕ್‌ಗೆ ಸುಮಾರು 55 ಮಿಲಿಸೆಕೆಂಡ್. ಅಷ್ಟರಲ್ಲಿ ಎಷ್ಟು ಸುತ್ತು ಹೊಡೆದೆ ಅಂತ ಎಣಿಸಿ, 55ರಿಂದ ಭಾಗಿಸುತ್ತದೆ. ಆ ಉತ್ತರ 16 ಬಿಟ್‌ನಲ್ಲಿ, ಅಂದರೆ 65,535ರ ಒಳಗೆ ಹಿಡಿಯಬೇಕು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಮಷಿನ್‌ಗಳಲ್ಲಿ ಹಿಡಿಯುವುದಿಲ್ಲ. ಚಿಪ್ "ಭಾಗಾಕಾರ ಕೆಟ್ಟಿತು" ಅಂತ ಕೂಗುತ್ತದೆ, ಪ್ಯಾಸ್ಕಲ್ ಅದನ್ನು "ಸೊನ್ನೆಯಿಂದ ಭಾಗಿಸಿದ್ದೀರಿ" ಅಂತ ವರದಿ ಮಾಡುತ್ತದೆ. ಸೊನ್ನೆಯಿಂದ ಯಾರೂ ಭಾಗಿಸಿರುವುದಿಲ್ಲ.

ಡಾಸ್‌ಬಾಕ್ಸ್‌ನಲ್ಲಿ ಚಿಪ್‌ನ ವೇಗ ನಾವು ಹೇಳಿದಷ್ಟೇ. ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಸೈಕಲ್ಸ್ ಅಂತ ಒಂದು ಸಾಲಿದೆ. 3000 ಅಂತ ಇಟ್ಟರೆ ಮಿಲಿಸೆಕೆಂಡಿಗೆ 3000 ಇನ್‌ಸ್ಟ್ರಕ್ಷನ್, ಹೆಚ್ಚುಕಡಿಮೆ 386 ಕಾಲದ ವೇಗ. ಅಷ್ಟಕ್ಕೆ ಪ್ರೋಗ್ರಾಂ ಎದ್ದಿತು. ಓಡುವಾಗ ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ವೇಗ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ಅಳತೆ ಶುರುವಿನಲ್ಲಿ ಒಂದೇ ಸಲ ಆಗುವುದರಿಂದ, ಪ್ರೋಗ್ರಾಂ ತೆರೆದ ಮೇಲೆ ವೇಗ ಏರಿಸಿದರೂ ಅಡ್ಡಿಯಿಲ್ಲ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಬಿಲ್ ಹೋಗ್ತದಾ?

ಸಾದಾ ಡಾಸ್‌ಬಾಕ್ಸ್‌ನಿಂದ ಹೋಗುವುದಿಲ್ಲ. ಡಾಸ್‌ಬಾಕ್ಸ್-ಎಕ್ಸ್ ಅನ್ನುವ ಇನ್ನೊಂದು ಆವೃತ್ತಿಯಲ್ಲಿ ಪ್ಯಾರಲಲ್ ಪೋರ್ಟ್ ಇದೆ, ಅದರಿಂದ ಹೋಗುತ್ತದೆ.

## ಹೊಸ ಪ್ರೋಗ್ರಾಂ, ಹಳೆ ಮಷಿನ್

ಪ್ರಾಜೆಕ್ಟ್‌ಗೆ ಮಾಂಗೋಡಿಬಿ ಹಾಕಿದೆ. "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಒಂದೇ ಸಾಲು ಬಂದು ಸತ್ತು ಹೋಗುತ್ತೆ. ವಿಎಂ ಒಳಗೆ ಹಾಕಲಾ?

ವರ್ಚುಯಲ್‌ಬಾಕ್ಸ್ ಒಳಗೆ ಹಾಕಿದರೆ ಅದೇ ಸಾಲು ಒಳಗೆ ಬರುತ್ತದೆ. ಮಾಂಗೋಡಿಬಿ ಅನ್ನುವ ಈ ಡೇಟಾಬೇಸ್‌ಗೆ 5.0 ಆವೃತ್ತಿಯಿಂದ ಎವಿಎಕ್ಸ್ ಬೇಕೇ ಬೇಕು. ಮಷಿನ್ ಲರ್ನಿಂಗ್‌ಗೆ ಬಳಸುವ ಟೆನ್ಸರ್‌ಫ್ಲೋನ ಸಿದ್ಧ ಪ್ಯಾಕೇಜ್ ಕೂಡ 2018ರ 1.6 ಆವೃತ್ತಿಯಿಂದ ಹಾಗೇ. ನಿಮ್ಮ ಚಿಪ್‌ಗೆ ಎವಿಎಕ್ಸ್ ಗೊತ್ತಿಲ್ಲ, ಹಾಗಾಗಿ "ಇದೇನು ಮಾತು?" ಅಂತ ಕೈ ಎತ್ತುತ್ತದೆ.

ಕ್ಯೂಎಮುವಿನ ಎಮ್ಯುಲೇಷನ್‌ನಲ್ಲಾದರೆ ಏಳುತ್ತದೆ, ಆವೃತ್ತಿ 7.2 ಅಥವಾ ಅದಕ್ಕಿಂತ ಹೊಸದು ಇದ್ದರೆ. ಎವಿಎಕ್ಸ್, ಎವಿಎಕ್ಸ್2 ಎರಡನ್ನೂ ಅದಕ್ಕೆ ಕಲಿಸಿದ್ದು ಆ ಆವೃತ್ತಿಯಲ್ಲೇ, 2022ರ ಡಿಸೆಂಬರ್‌ನಲ್ಲಿ. ಸಿಪಿಯು ಮಾಡೆಲ್ "ಮ್ಯಾಕ್ಸ್" ಅಂತ ಕೊಡಿ.

ಆದರೂ ನನ್ನ ಸಲಹೆ ಬೇರೆ. ಕಾಲೇಜು ಡೆಮೊಗೆ ಇಂಟರ್‌ನೆಟ್‌ನಲ್ಲೇ ಡೇಟಾಬೇಸ್ ಕೊಡುವ ಪುಕ್ಕಟೆ ಪ್ಲಾನ್ ಬಳಸಿ. ನೆಟ್ ಇಲ್ಲದೆ ಬೇಕಾದರೆ 4.4 ಆವೃತ್ತಿ ಹಾಕಿ, ಅದು ಎವಿಎಕ್ಸ್ ಕೇಳುವುದಿಲ್ಲ. ಅದರ ಬೆಂಬಲ 2024ರಲ್ಲೇ ಮುಗಿದಿದೆ, ಹಾಗಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಲಿ, ಸರ್ವರ್‌ಗೆ ಹಾಕಬೇಡಿ.

ಸೆಟ್ಟಿಂಗ್‌ನಲ್ಲಿ ಸಿಪಿಯು ಹೆಸರು ಆರಿಸೋಕೆ ಬರುತ್ತಲ್ಲ, ಅಲ್ಲಿ ಹೊಸ ಪ್ರೊಸೆಸರ್ ಆರಿಸಿದ್ರೆ ಆಯ್ತಲ್ವಾ?

ಲಿನಕ್ಸ್‌ನಲ್ಲೇ ಇರುವ ಕೆವಿಎಂ ಅನ್ನುವ ವರ್ಚುಯಲೈಸೇಷನ್ ಭಾಗವನ್ನು ಜೋಡಿಸಿದರೆ ಕ್ಯೂಎಮು ಕೂಡ ಬಾಡಿಗೆ ಕೋಣೆಯ ಜಾತಿಯೇ. ಆಗ ಆ ಹೆಸರು ಮನೆ ಮುಂದಿನ ಬೋರ್ಡ್ ಇದ್ದ ಹಾಗೆ. ಪ್ರೋಗ್ರಾಂ ಚಿಪ್‌ಗೆ "ನಿನಗೇನು ಬರುತ್ತದೆ?" ಅಂತ ಕೇಳುವ ಇನ್‌ಸ್ಟ್ರಕ್ಷನ್ ಒಂದಿದೆ, ಸಿಪಿಯುಐಡಿ. ಆ ಉತ್ತರವನ್ನು ವಿಎಂ ತಿದ್ದಬಹುದು. ಇರುವುದನ್ನು ಇಲ್ಲ ಅಂತ ಬರೆಸಿದರೆ ತೊಂದರೆ ಇಲ್ಲ. ಇಲ್ಲದ್ದನ್ನು ಇದೆ ಅಂತ ಬರೆಸಿದರೆ, ಪ್ರೋಗ್ರಾಂ ಅದನ್ನು ನಂಬಿ ಬಳಸಿದ ಕ್ಷಣ ಬೀಳುತ್ತದೆ. ಅದಕ್ಕೇ ಹಳೆ ಚಿಪ್ ಮೇಲೆ ಹ್ಯಾಸ್‌ವೆಲ್ (ಇಂಟೆಲ್‌ನ 2013ರ ಪೀಳಿಗೆ) ಅಂತ ಆರಿಸಿದರೆ ಕ್ಯೂಎಮು "ಹೋಸ್ಟ್‌ನಲ್ಲಿ ಈ ಫೀಚರ್ ಇಲ್ಲ" ಅಂತ ಸಾಲು ಸಾಲು ಎಚ್ಚರಿಕೆ ಕೊಟ್ಟು, ಅವನ್ನು ಬಿಟ್ಟು ಉಳಿದದ್ದನ್ನಷ್ಟೇ ಒಳಗೆ ತೋರಿಸುತ್ತದೆ.

ನನ್ನದು ಹೊಸ ಐ5. ಆದ್ರೂ ವಿಎಂ ಒಳಗೆ ಎವಿಎಕ್ಸ್ ಇಲ್ಲ ಅಂತಿದೆಯಲ್ಲ?

ಇದು ಮೇಲಿನದರ ತಿರುವು. ಕ್ಯೂಎಮು ಸುಮ್ನೆ ಓಡಿಸಿದರೆ ಕೊಡುವ ಡೀಫಾಲ್ಟ್ ಸಿಪಿಯು ಮಾಡೆಲ್ ತೀರ ಬಡಪಾಯಿ, ಎಸ್‌ಎಸ್‌ಇ 4.2 ಕೂಡ ತೋರಿಸುವುದಿಲ್ಲ. ರೆಡ್‌ಹ್ಯಾಟ್ 9ರ ಬಳಗದ ಲಿನಕ್ಸ್ ಅದರಲ್ಲಿ ಬೂಟ್ ಆಗುವಾಗಲೇ "ಸಿಪಿಯು ಡಸ್ ನಾಟ್ ಸಪೋರ್ಟ್ ಎಕ್ಸ್86-64-ವಿ2" ಅಂತ ನಿಲ್ಲುತ್ತದೆ. ಕೆವಿಎಂ ಆನ್ ಇಟ್ಟು ಮಾಡೆಲ್ "ಹೋಸ್ಟ್" ಅಂತ ಬದಲಿಸಿ, ಸರಿಹೋಗುತ್ತದೆ.

ವಿಂಡೋಸ್ ಮೇಲೆ ವರ್ಚುಯಲ್‌ಬಾಕ್ಸ್ ಆಗಿದ್ದರೆ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯಾ ನೋಡಿ. ಇದ್ದರೆ ವಿಂಡೋಸ್‌ನದೇ ವರ್ಚುಯಲೈಸೇಷನ್ ಭಾಗ ಹೈಪರ್-ವಿ ಮೊದಲೇ ಬಾಗಿಲಲ್ಲಿ ಕೂತಿದೆ, ವರ್ಚುಯಲ್‌ಬಾಕ್ಸ್ ಅದರ ಮೂಲಕ ನುಸುಳುತ್ತಿದೆ ಅಂತ ಅರ್ಥ. ಆಗ ವೇಗವೂ ಹೋಗುತ್ತದೆ, ಕೆಲವು ಸಲ ಎವಿಎಕ್ಸ್ ಕೂಡ. ವಿಂಡೋಸ್ ಫೀಚರ್ಸ್‌ನಲ್ಲಿ ಹೈಪರ್-ವಿ ಮತ್ತು ವರ್ಚುಯಲ್ ಮಷಿನ್ ಪ್ಲಾಟ್‌ಫಾರ್ಮ್ ಆಫ್ ಮಾಡಿ. ಆಮೆ ಹೋಗದಿದ್ದರೆ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ನೋಡಿ.

ಕೋರ್ 2 ಡ್ಯುಯೊ ಮೇಲೆ ವಿಎಂ ಹಾಕಿ ವಿಂಡೋಸ್ 11 ಹಾಕಿಕೊಡ್ತೀರಾ?

ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗಿನಿಂದ ಇದನ್ನು ಕೇಳದ ವಾರವಿಲ್ಲ.

ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಇಲ್ಲ ಅನ್ನುವುದು ದೊಡ್ಡ ಸಮಸ್ಯೆ ಅಲ್ಲ. ಅದು ಪ್ರೋಗ್ರಾಂನ ದೃಷ್ಟಿಯಲ್ಲಿ ಬೇರೆಯೇ ಒಂದು ಡಿವೈಸ್. ಎಸ್‌ಡಬ್ಲ್ಯೂಟಿಪಿಎಂ ಅನ್ನುವ ಸಾಫ್ಟ್‌ವೇರ್ ಅದರ ಜಾಗದಲ್ಲಿ ಕೂರುತ್ತದೆ, ಒಳಗಿನ ವಿಂಡೋಸ್ ಒಪ್ಪಿಕೊಳ್ಳುತ್ತದೆ. ಆದರೆ 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ 4.2 ಇಲ್ಲದೆ ವಿಂಡೋಸ್ ಬೂಟೇ ಆಗುವುದಿಲ್ಲ. ಅದು ಚಿಪ್‌ನ ಹೊಟ್ಟೆಯೊಳಗಿನ ವಿಷಯ. ಪೂರ್ತಿ ಎಮ್ಯುಲೇಷನ್‌ನಲ್ಲಿ ಏಳಿಸಬಹುದು. ಸ್ಟಾರ್ಟ್ ಬಟನ್ ಒತ್ತಿ ಹೋಗಿ ಒಂದು ಗಿರಮಿಟ್ ತಿಂದು ಬಂದರೆ ಮೆನು ತೆರೆದಿರಬಹುದು.

ಕೆಲವರು ಆನ್‌ಲೈನ್‌ನಲ್ಲಿ ಅದೇ ಬೋರ್ಡ್‌ಗೆ ಕೂರುವ ಹಾಗೆ ಕೆತ್ತಿದ ಕ್ಸಿಯಾನ್ ಎಕ್ಸ್5460 ತರಿಸಿಕೊಳ್ಳುತ್ತಾರೆ. ನಾಲ್ಕು ಕೋರ್ ಬರುತ್ತದೆ ನಿಜ. ಆದರೆ ಅದೂ ಕೋರ್ 2 ಕುಲದ್ದೇ, ಎಸ್‌ಎಸ್‌ಇ 4.2 ಅದರಲ್ಲೂ ಇಲ್ಲ. ಈ ಮಷಿನ್‌ಗೆ ಡೆಬಿಯನ್ ಅಥವಾ ಮಿಂಟ್ ಹಾಕಿ, ಇನ್ನೂ ಕೆಲವು ವರ್ಷ ಬಾಳುತ್ತದೆ. ವಿಂಡೋಸೇ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನೋಡುವುದು ವಾಸಿ.

ಎಮ್ಯುಲೇಷನ್ ಅಂದ್ರೆ ಎಷ್ಟು ನಿಧಾನ, ಲೆಕ್ಕದಲ್ಲಿ ಹೇಳಿ

ನನ್ನ ಬೆಂಚ್ ಮೇಲೆ ಕಂಡಂತೆ ಹತ್ತರಿಂದ ಮೂವತ್ತು ಪಟ್ಟು, ಕೆಲಸ ನೋಡಿಕೊಂಡು. ಕ್ಯೂಎಮು ಪ್ರತಿ ಸಲ ಹೊಸದಾಗಿ ಅನುವಾದ ಮಾಡುವುದಿಲ್ಲ. ಕೋಡ್‌ನ ಒಂದು ತುಂಡನ್ನು ಒಮ್ಮೆ ಅನುವಾದಿಸಿ ಇಟ್ಟುಕೊಳ್ಳುತ್ತದೆ, ಅದೇ ತುಂಡು ಮತ್ತೆ ಬಂದರೆ ಇಟ್ಟದ್ದನ್ನೇ ಓಡಿಸುತ್ತದೆ. ಹಾಗಾಗಿ ಒಂದೇ ಲೂಪ್ ಸುತ್ತುವ ಪ್ರೋಗ್ರಾಂ ಪರವಾಗಿಲ್ಲ ಅನಿಸುತ್ತದೆ. ಓಎಸ್ ಬೂಟ್ ಆಗುವಾಗ ಎಲ್ಲವೂ ಹೊಸ ಕೋಡ್, ಅಲ್ಲಿ ತಾಳ್ಮೆ ಬೇಕು. ದಶಾಂಶದ ಲೆಕ್ಕ ಇನ್ನೂ ನಿಧಾನ.

ಒಂದು ಮಾತು: ಈ ಹೊತ್ತೆಲ್ಲ ಅಸಲಿ ಚಿಪ್ ನೂರಕ್ಕೆ ನೂರು ದುಡಿಯುತ್ತಿರುತ್ತದೆ. ಗದಗದ ಏಪ್ರಿಲ್ ಬಿಸಿಲಲ್ಲಿ, ಹತ್ತು ವರ್ಷದ ಧೂಳು ತುಂಬಿದ ಫ್ಯಾನ್ ಇಟ್ಟುಕೊಂಡು ಇದನ್ನು ಮಾಡಬೇಡಿ. ಮೊದಲು ಫ್ಯಾನ್ ತೊಳೆಸಿ, ಪೇಸ್ಟ್ ಹಾಕಿಸಿ.

ಎಂ1 ಮ್ಯಾಕ್‌ನಲ್ಲಿ ವರ್ಚುಯಲ್‌ಬಾಕ್ಸ್ ಹಾಕಿ ಸಾದಾ ವಿಂಡೋಸ್ 10 ಓಡಿಸಬಹುದಾ?

ಆಗುವುದಿಲ್ಲ. ಆ ಚಿಪ್‌ನ ಭಾಷೆ ಇಂಟೆಲ್‌ನದಲ್ಲ, ಆರ್ಮ್ ಅನ್ನುವ ಬೇರೆಯೇ ಭಾಷೆ. ಬಾಡಿಗೆ ಕೋಣೆಯಲ್ಲೂ ಆರ್ಮ್ ಆಡುವವರೇ ಇರಬೇಕು. ಕ್ಯೂಎಮು ಬಳಸುವ ಯುಟಿಎಂ ಅನ್ನುವ ಆ್ಯಪ್‌ನಲ್ಲಿ ಎಮ್ಯುಲೇಟ್ ಆಯ್ಕೆ ಇದೆ, ನಿಧಾನ. ಆರ್ಮ್‌ನ ವಿಂಡೋಸ್ 11 ಹಾಕಿದರೆ ಅದೇ ಒಳಗಿಂದ ಇಂಟೆಲ್ ಪ್ರೋಗ್ರಾಂಗಳನ್ನು ಅನುವಾದಿಸಿ ಓಡಿಸುತ್ತದೆ, ಅದು ಎಷ್ಟೋ ಮೇಲು.

## ಇನ್ನೂ ಒಳಗೆ ಇಳಿಯುವವರಿಗೆ

ಒಂದೇ ಪ್ರೋಗ್ರಾಂಗಾಗಿ ಇಡೀ ಓಎಸ್ ಯಾಕೆ ಎಮ್ಯುಲೇಟ್ ಮಾಡಬೇಕು?

ಮಾಡಬೇಕಿಲ್ಲ. ಲಿನಕ್ಸ್‌ನಲ್ಲಿ ಕ್ಯೂಎಮುವಿನ ಯೂಸರ್ ಮೋಡ್ ಪ್ಯಾಕೇಜ್ ಹಾಕಿಕೊಳ್ಳಿ. ಪ್ರೋಗ್ರಾಂ ಹೆಸರಿನ ಮುಂದೆ ಕ್ಯೂಎಮು ಕಮಾಂಡ್, ಸಿಪಿಯು ಮ್ಯಾಕ್ಸ್, ಅಷ್ಟೆ. ಆ ಒಂದು ಪ್ರೋಗ್ರಾಂನ ಇನ್‌ಸ್ಟ್ರಕ್ಷನ್‌ಗಳು ಮಾತ್ರ ಅನುವಾದವಾಗುತ್ತವೆ, ಫೈಲ್ ಓದುವುದು, ನೆಟ್‌ವರ್ಕ್ ಎಲ್ಲ ನಿಮ್ಮ ಅಸಲಿ ಕರ್ನಲ್‌ನಿಂದಲೇ, ಅಂದರೆ ಓಎಸ್‌ನ ತಿರುಳಿನಿಂದಲೇ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ಒಬ್ಬ ಹುಡುಗನಿಗೆ ಎವಿಎಕ್ಸ್ ಬೇಡುವ ಒಂದು ಸಣ್ಣ ಟೂಲ್ ಹೀಗೇ ಓಡಿಸಿಕೊಟ್ಟೆ. ರಾತ್ರಿ ಹಚ್ಚಿ ಮಲಗುತ್ತಾನೆ, ಬೆಳಿಗ್ಗೆ ಮುಗಿದಿರುತ್ತದೆ.

ಎವಿಎಕ್ಸ್-512 ಬೇಕಾದರೆ ಕ್ಯೂಎಮುಗೆ ಅದು ಬರುವುದಿಲ್ಲ. ಇಂಟೆಲ್ ಪುಕ್ಕಟೆ ಕೊಡುವ ಎಸ್‌ಡಿಇ ಅನ್ನುವ ಎಮ್ಯುಲೇಟರ್‌ಗೆ ಬರುತ್ತದೆ.

ಗೊತ್ತಿರೋ ಇನ್‌ಸ್ಟ್ರಕ್ಷನ್ ಚಿಪ್ಪೇ ಓಡಿಸಲಿ, ಗೊತ್ತಿಲ್ಲದ್ದು ಬಂದಾಗ ಮಾತ್ರ ಸಾಫ್ಟ್‌ವೇರ್ ಹಿಡೀಲಿ. ಹಾಗೆ ಯಾಕೆ ಮಾಡಲ್ಲ?

ಒಳ್ಳೆ ಪ್ರಶ್ನೆ. ಹಾಗೆ ಮಾಡಿದ್ದೂ ಇದೆ. 486ಎಸ್‌ಎಕ್ಸ್ ಚಿಪ್‌ಗೆ ದಶಾಂಶ ಲೆಕ್ಕದ ಭಾಗವೇ ಇರಲಿಲ್ಲ. ಅಂಥ ಇನ್‌ಸ್ಟ್ರಕ್ಷನ್ ಬಂದಾಗ ಲಿನಕ್ಸ್ ಕರ್ನಲ್ ಹಿಡಿದು, ತಾನೇ ಲೆಕ್ಕ ಮಾಡಿ ಉತ್ತರ ಇಟ್ಟು ಮುಂದೆ ಬಿಡುತ್ತಿತ್ತು. ಕಾಲೇಜಿನಲ್ಲಿ ಟರ್ಬೊ ಸಿ ಬಳಸಿದವರು ಆಪ್ಷನ್ಸ್ ಮೆನುವಿನಲ್ಲಿ ಫ್ಲೋಟಿಂಗ್ ಪಾಯಿಂಟ್ ಎದುರು "ಎಮ್ಯುಲೇಷನ್" ಅಂತ ನೋಡಿರುತ್ತೀರಿ. ಆ ಕಾಲದ ಇದೇ ತಂತ್ರದ ಇನ್ನೊಂದು ರೂಪ ಅದು. ಕೆವಿಎಂ ಕೂಡ ಮೂವ್‌ಬಿಇ ಅನ್ನುವ ಒಂದು ಇನ್‌ಸ್ಟ್ರಕ್ಷನ್ನನ್ನು ಚಿಪ್‌ಗೆ ಬಾರದಿದ್ದರೂ ಹೀಗೆ ಹಿಡಿದು ನಡೆಸಬಲ್ಲದು.

ತೊಂದರೆ ಎರಡು. ಒಂದು, ಪ್ರತಿ ಸಲ ಹಿಡಿದು ಬಿಡುವುದಕ್ಕೆ ಸಾವಿರಾರು ಸೈಕಲ್ ಬೇಕು. ಲೂಪ್ ಒಳಗೆ ಕೋಟಿ ಸಲ ಬಂದರೆ ಪೂರ್ತಿ ಅನುವಾದವೇ ಅಗ್ಗ.

ಎರಡನೆಯದು ಅಪಾಯದ್ದು. ಗೊತ್ತಿಲ್ಲದ ಇನ್‌ಸ್ಟ್ರಕ್ಷನ್ ಎಲ್ಲವೂ ಕೂಗುವುದಿಲ್ಲ. ಎಲ್‌ಝಡ್‌ಕೌಂಟ್ ತೆಗೆದುಕೊಳ್ಳಿ. ಒಂದು ಸಂಖ್ಯೆಯ ಮುಂದೆ ಎಷ್ಟು ಸೊನ್ನೆ ಬಿಟ್ ಇವೆ ಅಂತ ಎಣಿಸುವ ಇನ್‌ಸ್ಟ್ರಕ್ಷನ್ ಅದು. ಇಂಟೆಲ್‌ನಲ್ಲಿ 2013ರ ಹ್ಯಾಸ್‌ವೆಲ್‌ನಿಂದ ಇದೆ. ಅದನ್ನು ಬರೆಯುವ ರೀತಿ ಹಳೆಯ ಬಿಎಸ್‌ಆರ್ ಇನ್‌ಸ್ಟ್ರಕ್ಷನ್ ಮುಂದೆ ಒಂದು ಬೈಟ್ ಸೇರಿಸಿದ್ದು ಅಷ್ಟೆ. ಹಳೆ ಚಿಪ್ ಆ ಬೈಟನ್ನು ಲೆಕ್ಕಕ್ಕೇ ಹಿಡಿಯದೆ ಬಿಎಸ್‌ಆರ್ ಅಂತ ಓದಿ, ಮೇಲಿನ 1 ಯಾವ ಸ್ಥಾನದಲ್ಲಿದೆ ಅಂತ ಹೇಳುತ್ತದೆ. 32 ಬಿಟ್‌ನಲ್ಲಿ 8 ಕೊಟ್ಟರೆ ಹೊಸ ಚಿಪ್ 28 ಅನ್ನುತ್ತದೆ, ಹಳೆಯದು 3 ಅನ್ನುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಹಿಡಿಯಲು ಕಾದು ಕೂತ ಸಾಫ್ಟ್‌ವೇರ್‌ಗೆ ಗೊತ್ತೇ ಆಗುವುದಿಲ್ಲ. ಪೂರ್ತಿ ಅನುವಾದ ಮಾಡುವ ಕ್ಯೂಎಮು ಪ್ರತಿ ಬೈಟನ್ನೂ ತಾನೇ ಓದುವುದರಿಂದ ಅಲ್ಲಿ 28 ಬರುತ್ತದೆ.

ಎಮ್ಯುಲೇಟರ್‌ನಲ್ಲಿ ಓಡಿಸಿ ತೆಗೆದ ಟೈಮಿಂಗ್ ಪ್ರಾಜೆಕ್ಟ್ ರಿಪೋರ್ಟ್‌ಗೆ ಹಾಕಬಹುದಾ?

ಉತ್ತರ ಸರಿ ಬಂತು ಅಂತ ಹಾಕಬಹುದು, ವೇಗ ಮಾತ್ರ ಹಾಕಬೇಡಿ. ಅಸಲಿ ಚಿಪ್‌ನಲ್ಲಿ ಎವಿಎಕ್ಸ್ ಒಂದೇ ಏಟಿಗೆ ಎಂಟು ದಶಾಂಶ ಸಂಖ್ಯೆಗಳನ್ನು ಕೂಡಿಸುತ್ತದೆ, ಅದಕ್ಕೇ ಬೇಗ. ಕ್ಯೂಎಮುವಿನಲ್ಲಿ ಆ ಎಂಟನ್ನೂ ಒಂದೊಂದಾಗಿ ಕೂಡಿಸಬೇಕು. ಎವಿಎಕ್ಸ್ ಬಳಸಿದ ಕೋಡ್ ಬಳಸದ ಕೋಡ್‌ಗಿಂತ ನಿಧಾನ ಅಂತಲೂ ಬರಬಹುದು, ಅದನ್ನು ನೋಡಿ ನಿಮ್ಮ ಗೈಡ್ ಹುಬ್ಬೇರಿಸುತ್ತಾರೆ. ಟೈಮಿಂಗ್‌ಗೆ ಕಾಲೇಜ್ ಲ್ಯಾಬ್‌ನಲ್ಲಿ ಹ್ಯಾಸ್‌ವೆಲ್ ಅಥವಾ ಅದಕ್ಕಿಂತ ಹೊಸ ಮಷಿನ್ ಒಂದನ್ನು ಅರ್ಧ ತಾಸು ಕೇಳಿ ತೆಗೆದುಕೊಳ್ಳಿ. ಫ್ಲ್ಯಾಗ್ಸ್ ಸಾಲು ಮೊದಲು ನೋಡಿ.